ನಡುಗುವ ಕೈ, ಗಂಟುಕಟ್ಟುವ ಕೊಬ್ಬು

ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಹಿಡಿದ ಕೈಗಳು ಕೂದಲೆಳೆಯಷ್ಟೂ ಅಳತೆ ತಪ್ಪುತ್ತಿರಲಿಲ್ಲ. ಅಂಥ ಕೈಗೆ, ದಾವಣಗೆರೆಯ ಗಿರಣಿಯಲ್ಲಿ ನೂಲು ಜೋಡಿಸಿದ ಕೈಗೆ ಮುಪ್ಪಿನಲ್ಲಿ ನಡುಕ ಹತ್ತಿದರೆ ಮನೆಯವರು ‘ವಯಸ್ಸಾಯ್ತಲ್ರೀ’ ಎಂದು ಸುಮ್ಮನಾಗುತ್ತಾರೆ. ಆದರೆ ತೊಡೆಯ ಮೇಲೆ ಸುಮ್ಮನಿಟ್ಟ ಕೈ ನಡುಗುವುದು, ಸಹಿ ಸಣ್ಣದಾಗುತ್ತ ಹೋಗುವುದು, ಹೆಜ್ಜೆ ಗಿಡ್ಡವಾಗುವುದು ಪಾರ್ಕಿನ್ಸನ್ ಕಾಯಿಲೆಯ ಲಕ್ಷಣಗಳಾಗಿರಬಹುದು.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಬಗ್ಗೆ ಬರೆದದ್ದು 1817ರಲ್ಲಿ. 1912ರಲ್ಲಿ ಫ್ರೆಡ್ರಿಕ್ ಲೆವಿ ರೋಗಿಗಳ ನರಕೋಶಗಳಲ್ಲಿ ದುಂಡನೆಯ ಗಂಟುಗಳನ್ನು ಕಂಡರು. ಅವುಗಳ ಮುಖ್ಯ ಸರಕು ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನು ಎಂದು ತಿಳಿಯಲು 1997 ಬರಬೇಕಾಯಿತು.

ಇದು 140 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು, ಹುಟ್ಟಾ ಕೆಟ್ಟದ್ದೇನಲ್ಲ. ಇದು ನೆಲೆಸಿರುವ ನರದ ತುದಿಯಲ್ಲಿ ಸಂದೇಶ ಒಯ್ಯುವ ರಾಸಾಯನಿಕದ ಸೂಕ್ಷ್ಮ ಚೀಲಗಳಿವೆ. ಅವುಗಳ ಪೊರೆ ಬಹುಪಾಲು ಕೊಬ್ಬಿನದು. ಬಿಡಿಯಾಗಿದ್ದಾಗ ಈ ಪ್ರೋಟೀನಿಗೆ ನಿಶ್ಚಿತ ಆಕಾರವಿಲ್ಲ. ಪೊರೆಗೆ ಅಂಟಿದರೆ ಲೇತ್‌ನಿಂದ ಬೀಳುವ ಕಬ್ಬಿಣದ ಸಿಪ್ಪೆಯ ಹಾಗೆ ಸುರುಳಿಯಾಗುತ್ತದೆ. ಪೊರೆಯ ಜಾಗಕ್ಕೆ ಹೋಲಿಸಿದರೆ ಪ್ರೋಟೀನು ಹೆಚ್ಚಾದಾಗ ಅಣುಗಳು ಒತ್ತೊತ್ತಾಗಿ ಸೇರಿ, ಸುರುಳಿ ಬಿಚ್ಚಿ ಒಂದರ ಮೇಲೊಂದು ಪದರಗಟ್ಟಬಲ್ಲವು. ಪೊರೆಯ ಕೊಬ್ಬನ್ನೂ ಎಳೆದುಕೊಂಡು ಗಂಟಾಗಬಲ್ಲವು.

ಕೊಬ್ಬಿನ ಪಾತ್ರಕ್ಕೆ ಇನ್ನೂ ಸಾಕ್ಷ್ಯಗಳಿವೆ. ಒಂದು ಬಗೆಯ ಕೊಬ್ಬನ್ನು ಒಡೆಯುವ ಕಿಣ್ವದ ಜೀನಿನಲ್ಲಿ, ಅಂದರೆ ಜಿಬಿಎಯಲ್ಲಿ, ದೋಷವಿದ್ದವರಿಗೆ ಈ ಕಾಯಿಲೆಯ ಅಪಾಯ ಹೆಚ್ಚು. 2019ರಲ್ಲಿ ದಾನವಾಗಿ ಬಂದ ಮಿದುಳುಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಲೆವಿ ಗಂಟುಗಳಲ್ಲಿ ಪೊರೆಯ ಚೂರು, ಕೊಬ್ಬು ಕಿಕ್ಕಿರಿದಿದ್ದವು.

ಇಂಥ ತಿಳಿವಳಿಕೆಗೆ ನಮ್ಮ ರಾಜ್ಯವೂ ಕೈಜೋಡಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಮುಂದಾಳತ್ವದಲ್ಲಿ, ದಾನದ ಮಿದುಳುಗಳನ್ನು ಕಾಪಿಡುವ ಮಿದುಳು ಬ್ಯಾಂಕ್ ಬೆಳೆಯಿತು. ಈ ಕಾಯಿಲೆಯಲ್ಲಿ ನಶಿಸುವ, ಡೋಪಮೈನ್ ಎಂಬ ಸಂದೇಶವಾಹಕ ರಾಸಾಯನಿಕ ತಯಾರಿಸುವ ಕಪ್ಪು ವರ್ಣದ ನರಕೋಶಗಳು ಭಾರತೀಯರ ಆರೋಗ್ಯವಂತ ಮಿದುಳಿನಲ್ಲಿ ಬ್ರಿಟನ್ನಿನವರಿಗಿಂತ ಕಡಿಮೆ ಇದ್ದರೂ ವಯಸ್ಸಿನೊಂದಿಗೆ ಅವು ಸವೆಯುವುದಿಲ್ಲ ಎಂದು ಡಾ. ಉದಯ್ ಮುಥಾನೆ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದರು. ‘ವಯಸ್ಸಾಯ್ತು’ ಎಂಬ ಸಮಾಧಾನವನ್ನು ಪ್ರಶ್ನಿಸುವ ಫಲಿತಾಂಶವಿದು.

ಈ ಕಾಯಿಲೆಗೆ ಕೊಡುವ ಲೆವೊಡೋಪಾ ಮಾತ್ರೆ ಕೈಕಾಲಿನ ಬಿಗಿತ ಸಡಿಲಿಸುತ್ತದೆ, ಗಂಟುಕಟ್ಟುವುದನ್ನು ತಡೆಯುವುದಿಲ್ಲ. ತಡೆಯುವ ಔಷಧಿಯ ಹುಡುಕಾಟಕ್ಕೆ ದಾನದ ಮಿದುಳುಗಳು ಬೇಕೇ ಬೇಕು. ಅಜ್ಜನ ಕೈ ನಡುಗಿದರೆ ತಡಮಾಡದೆ ನರರೋಗ ತಜ್ಞರಿಗೆ ತೋರಿಸೋಣ. ನೇತ್ರದಾನ ನಮ್ಮೂರುಗಳಲ್ಲಿ ಮನೆಮಾತಾಗಿದೆ; ಮಿದುಳು ದಾನದ ಮಾತನ್ನೂ ಮನೆಯಲ್ಲಿ ಎತ್ತೋಣ.