ಜೇಬಿನಲ್ಲಿ ಮೇಣ, ಬೆರಳಲ್ಲಿ ಕಾಡು

ಚಾರ್ಲಿ ರಸೆಲ್‌ನನ್ನು ಬಲ್ಲವರು ತಪ್ಪದೆ ಹೇಳುತ್ತಿದ್ದ ಒಂದು ಸಂಗತಿ ಇದೆ. ಅವನ ಜೇಬಿನಲ್ಲಿ ಸದಾ ಜೇನುಮೇಣದ ಮುದ್ದೆಯೊಂದು ಇರುತ್ತಿತ್ತು. ಗೆಳೆಯರ ಜೊತೆ ಹರಟೆಗೆ ಕೂತರೆ ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಬಾಯಿ ಕಥೆ ಹೇಳುತ್ತಿತ್ತು, ಕಣ್ಣು ಎದುರಿಗಿದ್ದವರ ಮುಖ ನೋಡುತ್ತಿತ್ತು, ಬೆರಳುಗಳು ಮೇಜಿನ ಕೆಳಗೋ ಟೋಪಿಯ ಮರೆಯಲ್ಲೋ ತಮ್ಮ ಪಾಡಿಗೆ ಮೇಣ ನಾದುತ್ತಿದ್ದವು. ಕಥೆ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಕರಡಿಯೋ ಕುದುರೆಯೋ ನಿಂತಿರುತ್ತಿತ್ತು. ಕೂತವರು ಬಾಗಿ ನೋಡಿ ಬೆರಗಾಗುವಷ್ಟರಲ್ಲಿ ಅವನು ಅದನ್ನು ಹಿಚುಕಿ, ಮತ್ತೆ ಮುದ್ದೆ ಮಾಡಿ ಜೇಬಿಗೆ ಸೇರಿಸುತ್ತಿದ್ದ.

ಚಾರ್ಲ್ಸ್ ಮೇರಿಯನ್ ರಸೆಲ್ (1864–1926) ಅಮೆರಿಕದ ಪಶ್ಚಿಮ ಸೀಮೆಯ ಚಿತ್ರಕಾರ ಎಂದೇ ಪ್ರಸಿದ್ಧ. ಅವನ ಹೆಸರಿನಲ್ಲಿರುವ ಸುಮಾರು 4000 ಕೃತಿಗಳಲ್ಲಿ ತೈಲವರ್ಣ, ಜಲವರ್ಣ, ಗೆಳೆಯರಿಗೆ ಬರೆದ ಚಿತ್ರಪತ್ರಗಳದೇ ಮೇಲುಗೈ. ಆದರೂ ನನ್ನ ಮಟ್ಟಿಗೆ ಅವನು ಮೊದಲು ಶಿಲ್ಪಿ, ಆಮೇಲೆ ಚಿತ್ರಕಾರ. ಚಿತ್ರ ಬರೆಯುವ ಮುನ್ನವೂ ಅವನು ಪುಟ್ಟ ಮೇಣದ ಗೊಂಬೆಗಳನ್ನು ಮಾಡಿಟ್ಟುಕೊಂಡು, ನೆರಳು ಎಲ್ಲಿ ಬೀಳುತ್ತದೆ, ದೇಹ ಎತ್ತ ವಾಲುತ್ತದೆ ಎಂದು ನೋಡಿಕೊಳ್ಳುತ್ತಿದ್ದ. ಪ್ರಾಣಿಯ ವಿಚಾರದಲ್ಲಿ ಅವನು ಕಣ್ಣಿಗಿಂತ ಹೆಚ್ಚಾಗಿ ಕೈಯನ್ನು ನಂಬಿದ. ಆ ಕೈ ಪಳಗಿದ್ದು ಯಾವ ಕಲಾಶಾಲೆಯಲ್ಲೂ ಅಲ್ಲ, ಬಯಲಿನಲ್ಲಿ, ಹಿಮದಲ್ಲಿ, ಕುದುರೆಗಳ ನಡುವೆ.

ಹುಟ್ಟಿದ್ದು ಮಿಸೌರಿಯ ಸೇಂಟ್ ಲೂಯಿಸ್ ನಗರದಲ್ಲಿ, ಅನುಕೂಲವಂತರ ಮನೆಯಲ್ಲಿ. ಮನೆಯವರದು ಕುಲುಮೆಗೆ ಬೇಕಾದ ಇಟ್ಟಿಗೆ ಮಾಡುವ ಉದ್ಯಮ, ಹಾಗಾಗಿ ಹುಡುಗನಿಗೆ ಆಡಲು ಜೇಡಿಮಣ್ಣಿಗೇನೂ ಬರವಿರಲಿಲ್ಲ. ಓದು ತಲೆಗೆ ಹತ್ತಲಿಲ್ಲ. ಶಿಸ್ತು ಬರಲೆಂದು ದೂರದ ಸೈನಿಕ ಶಾಲೆಗೆ ಕಳಿಸಿದರೂ ಫಲ ಕಾಣಲಿಲ್ಲ. ಅವನ ತಲೆಯ ತುಂಬ ಪಶ್ಚಿಮದ ಬಯಲು, ಬೇಟೆಗಾರರು, ಮೂಲನಿವಾಸಿಗಳು. ಕೊನೆಗೆ ಅಪ್ಪ ಅಮ್ಮ ಸೋತು, ಒಮ್ಮೆ ಹೋಗಿ ಕಷ್ಟ ಕಂಡು ಬಂದರೆ ಹುಚ್ಚು ಬಿಟ್ಟೀತು ಎಂದು 1880ರಲ್ಲಿ ಮೊಂಟಾನಾಕ್ಕೆ ಕಳಿಸಿಕೊಟ್ಟರು. ಆಗ ಅವನಿಗೆ ಹದಿನಾರು ವರ್ಷ. ಹುಚ್ಚು ಬಿಡಲಿಲ್ಲ. ನಡುವೆ ಊರಿಗೆ ಬಂದು ಹೋಗುತ್ತಿದ್ದರೂ ಮೊಂಟಾನಾವೇ ಅವನ ಮನೆಯಾಯಿತು.

ಮೊದಲು ಸಿಕ್ಕಿದ ಕೆಲಸ ಕುರಿ ಕಾಯುವುದು. ಅದು ಅವನಿಗೆ ಒಗ್ಗಲಿಲ್ಲ, ಬೇಗನೇ ಬಿಟ್ಟ. ಕೈಯಲ್ಲಿ ಕಾಸಿಲ್ಲದೆ ನಿಂತಿದ್ದ ಹುಡುಗನನ್ನು ಕರೆದುಕೊಂಡು ಹೋದವನು ಜೇಕ್ ಹೂವರ್ ಎಂಬ ಬೇಟೆಗಾರ. ಜೂಡಿತ್ ನದಿಯ ಕಣಿವೆಯಲ್ಲಿ ಮರದ ದಿಮ್ಮಿಗಳ ಗುಡಿಸಿಲು ಕಟ್ಟಿಕೊಂಡು, ಜಿಂಕೆ, ಎಲ್ಕ್, ಕರಡಿ ಹೊಡೆದು, ಹೊಸದಾಗಿ ಬಂದು ನೆಲೆಸಿದವರಿಗೆ ಮಾಂಸ ಮಾರುವುದು ಅವನ ಬದುಕು. ಚಾರ್ಲಿ ಸುಮಾರು ಎರಡು ವರ್ಷ ಅವನ ಜೊತೆಗಿದ್ದ. ಬೇಟೆಯನ್ನು ಕುದುರೆಯ ಮೇಲೆ ಹೇರುವುದು, ಚರ್ಮ ಸುಲಿಯುವುದು, ಮಾಂಸ ಬಿಡಿಸುವುದು ಚಾರ್ಲಿಯ ಪಾಲಿನ ಕೆಲಸ. ಕೊಲ್ಲುವುದರಲ್ಲಿ ಮಾತ್ರ ಅವನಿಗೆ ಅಂಥ ಆಸಕ್ತಿ ಇರಲಿಲ್ಲವೆಂದು ಗೆಳೆಯರು ನೆನೆದಿದ್ದಾರೆ.

ಈ ಎರಡು ವರ್ಷಗಳ ಬಗ್ಗೆ ಅವನ ಜೀವನಚರಿತ್ರೆಗಳು ಕೆಲವೇ ಪುಟ ಬರೆದು ಮುಂದೆ ಹೋಗುತ್ತವೆ. ನನಗೆ ಅವನ ಕಲೆಯ ಬೇರು ಇಲ್ಲೇ ಇದೆ ಅನ್ನಿಸುತ್ತದೆ. ಚರ್ಮ ಸುಲಿದವನಿಗೆ ಅದರ ಕೆಳಗೆ ಏನಿದೆ ಎಂದು ಊಹಿಸುವ ಕಷ್ಟ ಇಲ್ಲ. ಭುಜದ ಎಲುಬು ಪಕ್ಕೆಲುಬಿನ ಮೇಲೆ ಹೇಗೆ ಜಾರುತ್ತದೆ, ತೊಡೆಯ ಸ್ನಾಯು ಎಲ್ಲಿ ಶುರುವಾಗಿ ಎಲ್ಲಿ ಸ್ನಾಯುರಜ್ಜುವಾಗಿ ಮುಗಿಯುತ್ತದೆ, ಸತ್ತ ಎಲ್ಕ್‌ನ ಕುತ್ತಿಗೆ ಎತ್ತಲು ಎಷ್ಟು ಬಲ ಬೇಕು, ಇವೆಲ್ಲ ಕೈಗೆ ತಿಳಿದ ವಿದ್ಯೆ. ಅವನ ಕಂಚಿನ ಕರಡಿಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ. ಮೈಮೇಲೆ ರೋಮವನ್ನು ಒಂದೊಂದಾಗಿ ಗೀರುವ ಗೋಜಿಗೆ ಅವನು ಹೋಗಿಲ್ಲ. ಹೆಬ್ಬೆರಳಿನಿಂದ ಮೇಣವನ್ನು ಒತ್ತಿ ಎಳೆದ ಗುರುತು ಹಾಗೇ ಉಳಿದಿದೆ. ಆದರೂ ಕರಡಿಯ ಭಾರ ಯಾವ ಕಾಲಿನ ಮೇಲಿದೆ ಎಂಬುದರಲ್ಲಿ ನೋಡುವವರಿಗೆ ಅನುಮಾನವೇ ಬರುವುದಿಲ್ಲ.

ಹೂವರ್‌ನ ಗುಡಿಸಿಲು ಬಿಟ್ಟ ಮೇಲೆ ಸುಮಾರು ಹನ್ನೊಂದು ವರ್ಷ ಕೌಬಾಯ್‌ಗಳ ಜೊತೆ ದುಡಿದ. ಅಲ್ಲಿ ಅವನದು ರಾತ್ರಿ ಪಾಳಿ. ಬಯಲಿನಲ್ಲಿ ಚೆದುರಿದ ದನಗಳನ್ನು ಕೂಡಿಹಾಕುವ ರೌಂಡಪ್ ತಂಡದಲ್ಲಿ ಒಬ್ಬೊಬ್ಬನಿಗೂ ಹಲವು ಕುದುರೆ ಬೇಕು. ಆ ಹಿಂಡನ್ನು ಇರುಳಿಡೀ ಕಾಯುವುದು, ಬೆದರಿ ಓಡದಂತೆ ನೋಡಿಕೊಳ್ಳುವುದು ಅವನ ಹೊಣೆ. ಕೌಬಾಯ್‌ಗಳಲ್ಲಿ ಈ ಕೆಲಸಕ್ಕೆ ದೊಡ್ಡ ಮರ್ಯಾದೆ ಇರಲಿಲ್ಲ. ಚಾರ್ಲಿಗೋ ಅದು ವರವಾಯಿತು. ಹಗಲು ಉಳಿದವರೆಲ್ಲ ದನದ ಹಿಂದೆ ದೂಳು ಕುಡಿಯುತ್ತಿದ್ದಾಗ ಅವನು ಬಿಡುವಾಗಿ ಕೂತು ನೋಡಬಹುದಿತ್ತು, ಬರೆಯಬಹುದಿತ್ತು. ರಾತ್ರಿಯ ಕೆಲಸ ಅವನಿಗೆ ಇನ್ನೊಂದನ್ನೂ ಕಲಿಸಿರಬೇಕು. ಕತ್ತಲಲ್ಲಿ ಕುದುರೆಯ ಬಣ್ಣ ಕಾಣುವುದಿಲ್ಲ. ಕಾಣುವುದು ಆಕಾಶಕ್ಕೆ ಎದುರಾಗಿ ನಿಂತ ಅದರ ಆಕಾರ ಮಾತ್ರ. ನಿಗುರಿದ ಕಿವಿ, ಬಿಗಿದ ಬೆನ್ನು, ಸಡಿಲಬಿಟ್ಟ ಹಿಂಗಾಲು ನೋಡಿಯೇ ಹಿಂಡಿನ ಮನಸ್ಸು ತಿಳಿಯಬೇಕು.

ದನ ಕಟ್ಟಿದ ಮನೆಯಲ್ಲಿ ಬೆಳೆದ ನಮ್ಮವರಿಗೆ ಗೊತ್ತು: ಮಲಗಿದ ದನ ಏಳುವಾಗ ಹಿಂಭಾಗ ಮೊದಲು ಎತ್ತುತ್ತದೆ, ಕುದುರೆ ಮುಂಗಾಲು ಊರಿ ಏಳುತ್ತದೆ. ಹೊರಗಿನಿಂದ ನೋಡಿ ಕಡೆಯುವ ಶಿಲ್ಪಿ ಇಂಥಲ್ಲಿ ಎಡವುತ್ತಾನೆ. ರಸೆಲ್ ಎಡವಲಿಲ್ಲ, ಏಕೆಂದರೆ ಅವನು ಆ ಪ್ರಾಣಿಗಳ ಜೊತೆ ಎದ್ದವನು, ಮಲಗಿದವನು.

1886–87ರ ಚಳಿಗಾಲ ಮೊಂಟಾನಾದ ದನಗಾಹಿಗಳ ಬೆನ್ನು ಮುರಿಯಿತು. ಹಿಮ ಗಟ್ಟಿಯಾಗಿ ಹುಲ್ಲನ್ನು ಮುಚ್ಚಿ, ಲೆಕ್ಕವಿಲ್ಲದಷ್ಟು ದನಗಳು ನಿಂತಲ್ಲೇ ಸತ್ತವು. ರಸೆಲ್ ಇದ್ದ ರ‍್ಯಾಂಚಿಗೆ ದನಗಳ ಪಾಲುದಾರರಿಂದ ಹಿಂಡು ಹೇಗಿದೆ ಎಂಬ ಪತ್ರ ಬಂತು. ಉತ್ತರದ ಜೊತೆ ಹೋದದ್ದು ಅಂಗೈಯಷ್ಟು ರಟ್ಟಿನ ಮೇಲೆ ಅವನು ಬರೆದ ಜಲವರ್ಣ. ಹಿಮದಲ್ಲಿ ಒಂಟಿಯಾಗಿ ನಿಂತ, ಎಲುಬಿನ ಗೂಡಾದ ಹೋರಿ, ಅದು ಬೀಳುವುದನ್ನೇ ಕಾಯುವ ತೋಳಗಳು. ಬೇರೆ ವರದಿ ಬೇಕಾಗಲಿಲ್ಲ. ಪ್ರತಿಗಳಾಗಿ ಊರೂರು ಸುತ್ತಿದ ಆ ಚಿತ್ರದಿಂದಲೇ ದನಗಾಹಿ ಹುಡುಗನಿಗೆ ಹೆಸರು ಬಂತು. ಅದನ್ನು ಈಗ ನೋಡಿದರೂ ನನ್ನ ಕಣ್ಣು ಹೋಗುವುದು ಆ ಹೋರಿಯ ಎದ್ದು ಕಾಣುವ ಸೊಂಟದ ಮೂಳೆಯ ಮೇಲೆ. ಹಸಿವು ಮಾಂಸವನ್ನೆಲ್ಲ ತೆಗೆದು ಒಳಗಿನ ಕಟ್ಟನ್ನು ತೋರಿಸಿದೆ, ಅವನು ಒಂದು ಗೆರೆಯನ್ನೂ ತಪ್ಪಿಲ್ಲ.

ಅವನ ಮನಸ್ಸನ್ನು ಬದುಕಿನುದ್ದಕ್ಕೂ ಹಿಡಿದಿಟ್ಟ ಪ್ರಾಣಿ ಬೈಸನ್. ನಮ್ಮ ಕಾಟಿಯ ದೂರದ ನೆಂಟ ಇದು. ದೊಡ್ಡ ತಲೆ, ಮುಂಭಾಗಕ್ಕೆಲ್ಲ ಜಡೆಗಟ್ಟಿದ ಕೂದಲು, ಹೆಗಲ ಮೇಲೆ ಎತ್ತರದ ಡುಬ್ಬ. ಬೆನ್ನೆಲುಬಿನಿಂದ ಮೇಲೆದ್ದ ಉದ್ದನೆಯ ಮುಳ್ಳುಮೂಳೆಗಳು ಮತ್ತು ಅವಕ್ಕೆ ಅಂಟಿದ ಸ್ನಾಯು ಸೇರಿ ಆ ಡುಬ್ಬ ಆಗಿದೆ. ಭಾರದ ತಲೆಯನ್ನು ಅತ್ತಿತ್ತ ಬೀಸಿ ಹಿಮ ಸರಿಸಿ ಹುಲ್ಲು ಹುಡುಕಲು ಆ ಬಲ ಬೇಕು. ಕೋಟಿಗಟ್ಟಲೆ ಇದ್ದ ಬೈಸನ್‌ಗಳನ್ನು ಚರ್ಮಕ್ಕಾಗಿ ಕೊಂದು ಮುಗಿಸಿದರು. ರಸೆಲ್ ಮೊಂಟಾನಾಕ್ಕೆ ಬಂದಾಗ ಕೊನೆಯ ದೊಡ್ಡ ಹಿಂಡುಗಳು ಇನ್ನೂ ಇದ್ದವು. ನಾಲ್ಕೈದು ವರ್ಷದಲ್ಲಿ ಅವೂ ಇಲ್ಲವಾದವು. 1889ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಲಿಯಂ ಹಾರ್ನಡೇ ಹಾಕಿದ ಲೆಕ್ಕದ ಪ್ರಕಾರ ಇಡೀ ಖಂಡದಲ್ಲಿ ಉಳಿದದ್ದು 1091. ರಸೆಲ್ ತನ್ನ ಸಹಿಯ ಪಕ್ಕದಲ್ಲಿ ಬೈಸನ್ ತಲೆಬುರುಡೆಯ ಗುರುತು ಹಾಕುತ್ತಿದ್ದದ್ದು ಸುಮ್ಮನೆ ಅಲ್ಲ.

1905ರ ‘ಬಫೆಲೊ ಹಂಟ್’ ಕಂಚಿನ ಶಿಲ್ಪದಲ್ಲಿ ಮೂಲನಿವಾಸಿ ಬೇಟೆಗಾರನೊಬ್ಬ ಕುದುರೆಯನ್ನು ಬೈಸನ್ ಪಕ್ಕಕ್ಕೇ ಓಡಿಸುತ್ತಿದ್ದಾನೆ. ಬೇಟೆಗೆ ಪಳಗಿದ ಕುದುರೆಗೆ ಲಗಾಮು ಹಿಡಿದು ಹೇಳಬೇಕಿರಲಿಲ್ಲ. ಬಿಲ್ಲಿನ ಹೆದೆ ಮಿಡಿದ ಸದ್ದಿಗೇ ಅದು ಪಕ್ಕಕ್ಕೆ ಹಾರಿ ಕೊಂಬಿನಿಂದ ತಪ್ಪಿಸಿಕೊಳ್ಳುತ್ತಿತ್ತು. ಆ ನಂಬಿಕೆ, ಆ ಗಾಬರಿ ಎರಡೂ ಶಿಲ್ಪದಲ್ಲಿವೆ. ತೀರಿಕೊಳ್ಳುವ ಎರಡು ವರ್ಷ ಮುಂಚೆ, 1924ರಲ್ಲಿ, ಇದೇ ವಸ್ತುವನ್ನು ಮತ್ತೆ ಎತ್ತಿಕೊಂಡು ‘ಮೀಟ್ ಫಾರ್ ವೈಲ್ಡ್ ಮೆನ್’ ಎಂಬ ದೊಡ್ಡ ಗುಂಪುಶಿಲ್ಪ ಮಾಡಿದ. ಅಷ್ಟು ಪ್ರಾಣಿಗಳ ಓಟವನ್ನು ಒಂದೇ ಪೀಠದ ಮೇಲೆ ಹೆಣೆಯುವುದು ಚಿತ್ರಕಾರನಿಗೇ ಕಷ್ಟ, ಶಿಲ್ಪಿಗೆ ಇನ್ನೂ ಕಷ್ಟ.

ಮೇಣ ಕಂಚಾಗುವ ದಾರಿ ನಮಗೆ ಅಪರಿಚಿತವಲ್ಲ. ಮೇಣದ ಮೂರ್ತಿಯ ಸುತ್ತ ಅಚ್ಚು ಕಟ್ಟಿ, ಕಾಯಿಸಿ ಮೇಣ ಕರಗಿಸಿ ತೆಗೆದು, ಆ ಖಾಲಿ ಜಾಗಕ್ಕೆ ಕಾದ ಲೋಹ ಹೊಯ್ಯುವುದು. ಕಲ್ಯಾಣ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಈ ಎರಕದ ವಿಧಾನವನ್ನು ವಿವರಿಸಿದ್ದಾನೆ. ರಸೆಲ್‌ಗೆ ಇದರ ಪರಿಚಯವಾದದ್ದು ನ್ಯೂಯಾರ್ಕಿಗೆ ಹೋದಾಗ. ಅಲ್ಲಿಯ ರೋಮನ್ ಬ್ರಾಂಜ್ ವರ್ಕ್ಸ್ ಎರಕಮನೆಯಲ್ಲಿ 1904ರಲ್ಲಿ ಅವನ ಮೊದಲ ಕಂಚು ‘ಸ್ಮೋಕಿಂಗ್ ಅಪ್’ ಹೊರಬಂತು. ಹಿಂಗಾಲ ಮೇಲೆ ನಿಂತ ಕುದುರೆ, ಪಿಸ್ತೂಲು ಎತ್ತಿದ ಕೌಬಾಯ್. ಅದುವರೆಗೆ ಹಿಚುಕಿ ಜೇಬಿಗೆ ಹಾಕಿಕೊಂಡ ಕುದುರೆ, ಕರಡಿಗಳಿಗೆ ಲೆಕ್ಕವಿಲ್ಲ.

ಎರಕ ಹೊಯ್ಯಿಸಲು ಹಣ ಬೇಕು, ಕೊಳ್ಳುವವರು ಬೇಕು. ಅದನ್ನೆಲ್ಲ ನೋಡಿಕೊಂಡವಳು 1896ರಲ್ಲಿ ಮದುವೆಯಾದ ನ್ಯಾನ್ಸಿ ಕೂಪರ್. ಅವನು ಚಿತ್ರಗಳನ್ನು ಗೆಳೆಯರಿಗೆ ಸುಮ್ಮನೆ ಕೊಟ್ಟುಬಿಡುವವನು, ಇಲ್ಲವೇ ಸಿಕ್ಕಷ್ಟಕ್ಕೆ ಮಾರುವವನು. ಅವನು ಹೇಳಲು ಹೆದರುತ್ತಿದ್ದ ಬೆಲೆಯನ್ನು ಅವಳು ಹೇಳಿದಳು, ವಸೂಲೂ ಮಾಡಿದಳು. ಗ್ರೇಟ್ ಫಾಲ್ಸ್‌ನಲ್ಲಿ ಮನೆ ಕಟ್ಟಿದ ಮೇಲೆ 1903ರಲ್ಲಿ ಪಕ್ಕದಲ್ಲೇ ಟೆಲಿಫೋನ್ ಕಂಬಗಳಿಗೆ ಬಳಸುವ ದೇವದಾರು ಮರದ ದಿಮ್ಮಿಗಳಿಂದ ಅವನ ಕಾರ್ಯಶಾಲೆ ಎದ್ದಿತು. ಬೇಸಿಗೆ ಬಂದರೆ ಇಬ್ಬರೂ ಮ್ಯಾಕ್‌ಡೊನಾಲ್ಡ್ ಸರೋವರದ ದಡದಲ್ಲಿದ್ದ ತಮ್ಮ ಮರದ ಮನೆಗೆ ಹೋಗುತ್ತಿದ್ದರು. ಆ ಜಾಗ ಆಮೇಲೆ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಒಳಗೆ ಸೇರಿತು. ಅಲ್ಲಿ ಪಾಚಿ, ಕಡ್ಡಿ, ಬೇರು ಸೇರಿಸಿ ಕುಳ್ಳ ಕಾಡುಮನುಷ್ಯರ ಗೊಂಬೆ ಮಾಡುವುದು ಅವನ ಸಂತೋಷ.

1908 ಮತ್ತು 1909ರಲ್ಲಿ ಅವನು ಕಂಡ ಒಂದು ಘಟನೆಯನ್ನು ಹೇಳದೆ ಇರಲಾಗದು. ಫ್ಲಾಟ್‌ಹೆಡ್ ಮೂಲನಿವಾಸಿ ನೆಲದಲ್ಲಿ ಮಿಶೆಲ್ ಪಾಬ್ಲೊ ಎಂಬಾತ ನೂರಾರು ಬೈಸನ್‌ಗಳ ಹಿಂಡನ್ನು ಉಳಿಸಿ ಬೆಳೆಸಿದ್ದ. ಆ ನೆಲವನ್ನು ಹೊರಗಿನವರಿಗೆ ಹಂಚಲು ಸರ್ಕಾರ ಹೊರಟಾಗ ಹಿಂಡಿಗೆ ಮೇವಿನ ಜಾಗವಿಲ್ಲವಾಯಿತು. ಅಮೆರಿಕ ಸರ್ಕಾರ ಕೊಳ್ಳಲಿಲ್ಲ, ಕೆನಡಾ ಕೊಂಡಿತು. ಅವುಗಳನ್ನು ಹಿಡಿದು ರೈಲಿಗೆ ತುಂಬುವ ಕೆಲಸದಲ್ಲಿ ರಸೆಲ್ ಕೌಬಾಯ್‌ಗಳ ಜೊತೆ ಸೇರಿಕೊಂಡ. ನದಿಯಂಚಿನ ಕಡಿದಾದ ದಿಣ್ಣೆಯೇ ಒಂದು ಬದಿಯ ಬೇಲಿಯಾಗುತ್ತದೆ ಎಂದು ನಂಬಿ ಅಲ್ಲಿ ಕೂಡಿಹಾಕಿದ ಬೈಸನ್‌ಗಳು ರಾತ್ರೋರಾತ್ರಿ ಆ ದಿಣ್ಣೆಯನ್ನೇ ಹತ್ತಿ ಪರಾರಿಯಾದವು. ಗೆಳೆಯನಿಗೆ ಬರೆದ ಚಿತ್ರಪತ್ರದಲ್ಲಿ ಅವನು ಇದನ್ನು ಬಣ್ಣಿಸಿದ್ದಾನೆ. ಆ ಪ್ರಾಣಿಗಳ ಪರವಾಗಿಯೇ ಅವನ ಮನಸ್ಸಿತ್ತು ಎನ್ನುವುದಕ್ಕೆ ಅವನ ಶಿಲ್ಪಗಳೇ ಸಾಕ್ಷಿ. ಕೆನಡಾದ ಎಲ್ಕ್ ಐಲ್ಯಾಂಡ್ ಉದ್ಯಾನದಲ್ಲಿ ಉಳಿದ ಆ ಸಂತತಿಯ ಎಂಬತ್ತಕ್ಕೂ ಹೆಚ್ಚು ಮರಿಗಳನ್ನು 2016ರಲ್ಲಿ ಮೊಂಟಾನಾದ ಬ್ಲ್ಯಾಕ್‌ಫೀಟ್ ಜನರ ನೆಲಕ್ಕೆ ಮರಳಿ ತರಲಾಯಿತು.

ರಸೆಲ್ 1926ರ ಅಕ್ಟೋಬರ್ 24ರಂದು ತೀರಿಕೊಂಡ. ಶವಯಾತ್ರೆಯಲ್ಲಿ ಮೋಟಾರು ಗಾಡಿ ಬೇಡವೆಂಬುದು ಅವನ ಆಸೆಯಾಗಿತ್ತು. ಕುದುರೆಗಳೇ ಗಾಡಿ ಎಳೆದವು, ಮಕ್ಕಳು ನೋಡಲೆಂದು ಊರಿನ ಶಾಲೆಗಳಿಗೆ ರಜೆ ಕೊಟ್ಟರು. ಅವನ ಮನೆ, ಕಾರ್ಯಶಾಲೆಗಳನ್ನು ಒಳಗೊಂಡ ಸಿ. ಎಂ. ರಸೆಲ್ ಮ್ಯೂಸಿಯಂ ಗ್ರೇಟ್ ಫಾಲ್ಸ್‌ನಲ್ಲಿ 1953ರಲ್ಲಿ ತೆರೆಯಿತು. ಅದೇ ಊರಿನ ‘ಮಿಂಟ್’ ಎಂಬ ಪಾನಗೃಹದ ಗೋಡೆಗಳಲ್ಲಿದ್ದ ಅವನ ಕೃತಿಗಳ ದೊಡ್ಡ ಸಂಗ್ರಹವನ್ನು 1952ರಲ್ಲಿ ಆಮನ್ ಕಾರ್ಟರ್ ಎಂಬ ಪತ್ರಿಕೋದ್ಯಮಿ ಕೊಂಡ. ಅದು ಈಗ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ಕಾರ್ಟರ್ ಹೆಸರಿನ ಮ್ಯೂಸಿಯಂನಲ್ಲಿದೆ.

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮವರಲ್ಲಿ ಅನೇಕರು ಯೆಲ್ಲೊಸ್ಟೋನ್, ಗ್ಲೇಸಿಯರ್ ನೋಡಿ ಬರುತ್ತಾರೆ. ಗ್ರೇಟ್ ಫಾಲ್ಸ್ ಆ ಎರಡರ ನಡುವಿನ ದಾರಿಯಲ್ಲಿ ಸಿಗುವ ಊರು. ಹೋದರೆ ದೊಡ್ಡ ತೈಲಚಿತ್ರಗಳ ಮುಂದೆಯೇ ಹೊತ್ತು ಕಳೆಯಬೇಡಿ, ಕಂಚಿನ ಪ್ರಾಣಿಗಳ ಸುತ್ತ ಒಂದು ಸುತ್ತು ನಿಧಾನವಾಗಿ ನಡೆಯಿರಿ. ಬೈಸನ್‌ನ ಮುಂಗಾಲು ನೋಡಿ, ಆಮೇಲೆ ಡುಬ್ಬದ ಹಿಂದಿನ ಇಳಿಜಾರು ನೋಡಿ. ಇವನ್ನು ನೋಡಿದ ಮೇಲೆ ಯೆಲ್ಲೊಸ್ಟೋನ್‌ನ ರಸ್ತೆಯಲ್ಲಿ ಕಾರಿಗೆ ಅಡ್ಡ ನಿಲ್ಲುವ ಬೈಸನ್ ಇನ್ನಷ್ಟು ಚೆನ್ನಾಗಿ ಕಾಣುತ್ತದೆ.