ಪಷ್ತೋ-ಉಜ್ಬೇಕ್ ಭಾಷೆಗಳ ತಾರತಮ್ಯ ವಿಚಾರ

ಪಾಣಿನಿಮಹರ್ಷಿಯ ಜನ್ಮಸ್ಥಳವಾದ ಶಲಾತುರವು ಸಿಂಧೂನದಿಯ ಆಚೆಗೆ, ಅಟಕಿನ ಸಮೀಪದಲ್ಲಿರುವ ಲಾಹುರವೆಂಬ ಗ್ರಾಮವೆಂದು ವಿದ್ವಾಂಸರು ಗುರುತಿಸಿರುವರು. ಆ ಪ್ರಾಂತದವರು ಈಗ ಆಡುವ ಮಾತು ಪಷ್ತೋ. ಅಲ್ಲಿಂದ ಹಿಂದೂಕುಶ ಪರ್ವತವನ್ನು ದಾಟಿ ಉತ್ತರಕ್ಕೆ ಹೋದರೆ, ನಮ್ಮ ಪ್ರಾಚೀನರು ವಂಕ್ಷುವೆಂದು ಕರೆದ ಆಮೂ ನದಿಯ ಎರಡು ದಡಗಳಲ್ಲಿಯೂ ಉಜ್ಬೇಕ್ ಭಾಷೆಯು ಕೇಳಬರುವುದು. ಅಫಘಾನಿಸ್ಥಾನದಲ್ಲಿ ಈ ಎರಡನ್ನೂ ಅರಬ್ಬೀ ಲಿಪಿಯಲ್ಲಿಯೇ ಬರೆಯುವರು. ಆಡುವವರ ಮತವೂ ಬಹುಮಟ್ಟಿಗೆ ಒಂದೇ. ಪುಸ್ತಕಕ್ಕೆ ಪಷ್ತೋವಿನವನು 'ಕಿತಾಬ್' ಎಂದರೆ ಉಜ್ಬೇಕನು 'ಕಿತೋಬ್' ಎನ್ನುವನು. ಉತ್ತರಕ್ಕೆ ಅವನು 'ಜವಾಬ್', ಇವನು 'ಜವೋಬ್'. ಇಷ್ಟನ್ನು ಕಂಡವರು ಇವೆರಡೂ ಒಡಹುಟ್ಟಿದ ಭಾಷೆಗಳೆಂದು ಭಾವಿಸುವುದು ಸಹಜ. ಆದರೆ ಜವಾಬು, ಕಾಗದ ಎಂಬ ಮಾತುಗಳು ಕನ್ನಡದಲ್ಲಿಯೂ ಇವೆಯಲ್ಲವೆ? ಅಷ್ಟರಿಂದ ಕನ್ನಡವು ಪಾರಸೀಕದ ಬಂಧುವಾಗಲಿಲ್ಲ. ಸಾಲ ತಂದ ಒಡವೆಯನ್ನು ನೋಡಿ ಕುಲವನ್ನು ನಿರ್ಣಯಿಸಲಾಗದು. ಎಣಿಕೆಯ ಮಾತು, ನಂಟಸ್ತಿಕೆಯ ಮಾತು, ವಿಭಕ್ತಿ, ಆಖ್ಯಾತ, ಇವುಗಳನ್ನು ನೋಡಬೇಕು.

ಪಷ್ತೋವಿನ ಸಂಖ್ಯೆಗಳನ್ನು ಮೊದಲು ಕೇಳಿದಾಗ ನನಗಾದ ಆಶ್ಚರ್ಯವು ಅಷ್ಟಿಷ್ಟಲ್ಲ. ಎರಡಕ್ಕೆ 'ದ್ವ', ಮೂರಕ್ಕೆ 'ದ್ರೇ', ಐದಕ್ಕೆ 'ಪಿಂಜ಼', ಹತ್ತಕ್ಕೆ 'ಲಸ್', ನೂರಕ್ಕೆ 'ಸಲ್'. ತಾಯಿಯು 'ಮೋರ್', ತಂದೆಯು 'ಪ್ಲಾರ್', ಸೋದರನು 'ವ್ರೋರ್', ಮಗಳು 'ಲೂರ್', ಕುದುರೆಯು 'ಆಸ್'. ದಕಾರವು ಅಲ್ಲಿ ಲಕಾರವಾಗುವುದೆಂಬ ನಿಯಮವನ್ನು ತಿಳಿದೊಡನೆ 'ಲಸ್' ಎಂಬುದರ ಹಿಂದೆ ದಶಶಬ್ದವೂ, 'ಲೂರ್' ಎಂಬುದರ ಹಿಂದೆ ದುಹಿತೃಶಬ್ದವೂ ಕಣ್ಣಿಗೆ ಕಟ್ಟುವುವು. ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನಮ್ಮಂಥವರಿಗೆ ಗೀರ್ವಾಣವಾಣಿಯೇ ಸಕಲ ಭಾಷೆಗಳ ಜನನಿಯೆಂಬ ನಂಬಿಕೆಯು ಬಾಲ್ಯದಿಂದ ಬಂದುದು. ಪಷ್ತೋವೂ ಅವಳ ಮಗಳೇ ಎಂದು ನಾನು ಕೆಲಕಾಲ ಸಂತೋಷಪಟ್ಟುದುಂಟು.

ಆ ಸಂತೋಷವನ್ನು ಕೆಡಿಸಿದುದು ಏಳು ಎಂಬ ಸಂಖ್ಯೆ. ಸಂಸ್ಕೃತದ 'ಸಪ್ತ' ಪ್ರಾಕೃತದಲ್ಲಿ 'ಸತ್ತ', ಮರಾಠಿಯಲ್ಲಿ 'ಸಾತ'; ಸಕಾರವು ಎಲ್ಲಿಯೂ ಬಿಡದು. ಪಷ್ತೋವಿನಲ್ಲಿಯಾದರೋ ಏಳಕ್ಕೆ 'ಓವ'. ಇದು ಸಂಸ್ಕೃತದಿಂದ ಇಳಿದುದಾದರೆ ಸಕಾರವು ಎಲ್ಲಿ ಹೋಯಿತು? ಪಾರಸೀಕರ ಧರ್ಮಗ್ರಂಥವಾದ ಅವೆಸ್ತಾದಲ್ಲಿ ಏಳು 'ಹಪ್ತ'. ನಮ್ಮಲ್ಲಿ ಬಳಕೆಯಲ್ಲಿರುವ 'ಹಫ್ತೆ'ಯೂ ಆ ಕಡೆಯಿಂದ ಬಂದುದೇ. ಆ ಹಕಾರವು ಲೋಪವಾಗಿ ಪಕಾರವು ವಕಾರವಾದರೆ 'ಓವ' ಸಿದ್ಧಿಸುವುದು. ಹಾಗೆಯೇ ಸ್ವಸೃ ಎಂಬುದಕ್ಕೆ ಸಂವಾದಿಯಾದ ಪಷ್ತೋ ಶಬ್ದವು 'ಖೋರ್'. ಆದುದರಿಂದ ಪಷ್ತೋವು ಸಂಸ್ಕೃತದ ಪುತ್ರಿಯಲ್ಲ, ಅವಳ ಸೋದರಿಯ ಸಂತಾನ; ಇರಾನೀ ಶಾಖೆಯ ಪೂರ್ವಭಾಗಕ್ಕೆ ಸೇರಿದುದು. ೧೮೭೩ರಲ್ಲಿ ವ್ಯಾಕರಣವನ್ನು ಬರೆದ ಟ್ರುಂಪ್ ಪಂಡಿತನು ಇದನ್ನು ಪ್ರಾಕೃತಗಳ ಕಡೆಗೆ ಎಳೆದನು. ಅನಂತರ ಡಾರ್ಮೆಸ್ಟೆಟರನು ಅದನ್ನು ಇರಾನೀ ವರ್ಗದಲ್ಲಿ ನಿಲ್ಲಿಸಿದನು; ಗ್ರಿಯರ್ಸನ್ನರ ಭಾಷಾಸರ್ವೇಕ್ಷಣವೂ ೧೯೨೧ರಲ್ಲಿ ಹಾಗೆಯೇ ಗಣಿಸಿತು. ಟ್ರುಂಪನು ಎಡವಿದುದು ಕ್ಷಮ್ಯವೇ ಸರಿ: ಟ, ಡ, ಣಗಳೆಂಬ ಮೂರ್ಧನ್ಯಗಳು ಪಷ್ತೋವಿನಲ್ಲಿ ಹೇರಳವಾಗಿವೆ. ಅವು ಭರತಖಂಡದ ನೆರೆಹೊರೆಯಿಂದ ಬಂದುವು.

ಇಲ್ಲಿ ಒಂದು ಪ್ರಾಸಂಗಿಕ ವಿಷಯ. ಕಂದಹಾರದವರು 'ಪಷ್ತೋ' ಎಂದು ಷಕಾರದಿಂದ ನುಡಿಯುವುದನ್ನು ಪೇಷಾವರದವರು 'ಪಖ್ತೋ' ಎನ್ನುವರು. ಮಾಧ್ಯಂದಿನ ಶಾಖೆಯ ಯಜುರ್ವೇದಿಗಳು ಷಕಾರವನ್ನು ಖಕಾರವಾಗಿ ಉಚ್ಚರಿಸುವುದನ್ನು ಬಲ್ಲವರಿಗೆ ಇದು ವಿನೋದವಾಗಿ ತೋರದಿರದು. ಒಂದಕ್ಕೊಂದು ಸಂಬಂಧವಿದೆಯೆಂದು ನಾನು ಹೇಳುತ್ತಿಲ್ಲ.

ಉಜ್ಬೇಕಿಗೆ ಬಂದರೆ ಸಂಸ್ಕೃತಜ್ಞನಿಗೆ ಕೈಹಿಡಿಯಲು ಒಂದು ಶಬ್ದವೂ ಸಿಕ್ಕದು. ಬಿರ್, ಇಕ್ಕಿ, ಉಚ್, ತೋರ್ತ್, ಬೆಷ್: ಇವು ತುರುಷ್ಕ ಭಾಷಾವರ್ಗದ ಸಂಖ್ಯೆಗಳು. ಆದರೆ ಶಬ್ದವು ಪರಕೀಯವಾದರೂ ವಾಕ್ಯದ ನಡೆಯು ಕನ್ನಡಿಗನಿಗೆ ಪರಿಚಿತವೆಂಬಂತೆ ತೋರುವುದು. 'ಕಿತೋಬ್-ಲರ್-ದಾನ್' ಎಂದರೆ ಪುಸ್ತಕ-ಗಳ-ಇಂದ. ಬಹುವಚನಕ್ಕೆ ಒಂದು ಪ್ರತ್ಯಯ, ವಿಭಕ್ತಿಗೆ ಇನ್ನೊಂದು; ಮಣಿ ಪೋಣಿಸಿದಂತೆ. ಪಷ್ತೋವಿನಲ್ಲಿ 'ಸಡೈ' ಒಬ್ಬ ಗಂಡಸು, 'ಸಡೀ' ಗಂಡಸರು, 'ಸಡೋ' ಅದೇ ಬಹುವಚನದ ವಿಭಕ್ತಿರೂಪ. ರಾಮಾಃ, ರಾಮೈಃ ಎಂಬಲ್ಲಿಯಂತೆ ವಚನವಿಭಕ್ತಿಗಳು ಬೆರೆತುಹೋಗಿವೆ. ಪಷ್ತೋವಿನಲ್ಲಿ ಸ್ತ್ರೀಪುಂಲಿಂಗಭೇದವುಂಟು. ಉಜ್ಬೇಕಿನಲ್ಲಿ ಅದು ಲವಲೇಶವೂ ಇಲ್ಲ. ಅವನು, ಅವಳು, ಅದು ಮೂರಕ್ಕೂ 'ಉ' ಎಂಬ ಒಂದೇ ಸರ್ವನಾಮ.

ಭೇದವು ಅತ್ಯಂತ ಸ್ಫುಟವಾಗುವುದು ಭೂತಕಾಲದಲ್ಲಿ. 'ನಾನು ಗಂಡಸನ್ನು ನೋಡಿದೆನು' ಎಂಬುದಕ್ಕೆ ಪಷ್ತೋ 'ಮಾ ಸಡೈ ವುಲೀದ್'; ಹೆಂಗಸನ್ನು ನೋಡಿದರೆ 'ಮಾ ಷಜ಼ಾ ವುಲೀದಾ'. ನೋಡಿದವನು ಒಬ್ಬನೇ ಆದರೂ ಕ್ರಿಯಾಪದವು ಕರ್ಮದ ಲಿಂಗವನ್ನು ಅನುಸರಿಸಿತು. 'ಮಾ' ಎಂಬುದು ಪ್ರಥಮಾರೂಪವಲ್ಲ. ಮಯಾ ಪುರುಷೋ ದೃಷ್ಟಃ, ಮಯಾ ಸ್ತ್ರೀ ದೃಷ್ಟಾ ಎಂಬ ನಮ್ಮ ಕರ್ಮಣಿಪ್ರಯೋಗವನ್ನು ಬಲ್ಲವರಿಗೆ ವಿವರಣೆ ಬೇಡ. ಉಜ್ಬೇಕಿನಲ್ಲಿ ಪುಸ್ತಕವನ್ನು ಓದಿದವನು 'ಮೆನ್ ಕಿತೋಬ್-ನಿ ಓಕಿದಿಮ್' ಎನ್ನುವನು. ಆ ಕಕಾರವು ಕಂಠದ ಆಳದಿಂದ ಹೊರಡತಕ್ಕದ್ದು. ಕರ್ತೃವು ಪ್ರಥಮೆ, ಕರ್ಮವು ದ್ವಿತೀಯೆ, ಕ್ರಿಯೆಯ ಕೊನೆಯಲ್ಲಿ ಉತ್ತಮಪುರುಷದ ಗುರುತು. ನಮ್ಮ 'ಓದಿದೆನ್' ಎಂಬುದರ ಪಕ್ಕದಲ್ಲಿ 'ಓಕಿದಿಮ್' ಎಂಬುದನ್ನು ಇಟ್ಟುನೋಡಿರಿ! ಚತುರ್ಥಿಗೆ ಅವರಲ್ಲಿ 'ಗಾ', ನಮ್ಮಲ್ಲಿ 'ಗೆ'. ಹಿರಿಯಣ್ಣನಿಗೆ 'ಅಕಾ', ತಮ್ಮನಿಗೆ 'ಉಕಾ'. ನಮ್ಮಂತೆಯೇ ಹಿರಿಕಿರಿಯರಿಗೆ ಬೇರೆ ಬೇರೆ ಮಾತು, ಸಂಸ್ಕೃತದ ಭ್ರಾತೃವಿನಂತೆ ಒಂದೇ ಅಲ್ಲ.

ಇಂಥ ಹೋಲಿಕೆಗಳೇ ಕಾಲ್ಡ್ವೆಲ್ ಪಾದ್ರಿಗಳನ್ನು ಸೆಳೆದುವು. ೧೮೫೬ರ ತಮ್ಮ ವ್ಯಾಕರಣದಲ್ಲಿ ಅವರು ದ್ರಾವಿಡ ಭಾಷೆಗಳಿಗೆ ತುರುಷ್ಕಾದಿ ಭಾಷೆಗಳೊಡನೆ ನಂಟನ್ನು ಕಲ್ಪಿಸಿದರು. ಇಂದಿನ ವಿದ್ವಾಂಸರು ಅದನ್ನು ಅಂಗೀಕರಿಸರು. ಅದೇ ಯುಕ್ತವೆಂದು ನನಗೂ ತೋರುವುದು. ಒಂದು-ಬಿರ್, ಎರಡು-ಇಕ್ಕಿ, ಮೂರು-ಉಚ್, ಕಣ್-ಕೋಜ಼್, ಕೈ-ಕೋಲ್: ಇವುಗಳಲ್ಲಿ ದಕಾರಕ್ಕೆ ಲಕಾರವೆಂಬಂಥ ಒಂದು ನಿಯಮವನ್ನೂ ತೋರಿಸಲಾಗದು. ಪಷ್ತೋವಿನ ವಿಷಯದಲ್ಲಿ ನಮ್ಮ ಅಭಿಮಾನಕ್ಕೆ ಯಾವ ಪರೀಕ್ಷೆಯನ್ನು ಒಡ್ಡಿದೆವೋ ಅದನ್ನೇ ಕನ್ನಡದ ವಿಷಯದಲ್ಲಿಯೂ ಒಡ್ಡಬೇಕಾಗುವುದು.

ಬಾಬರನು ತನ್ನ ಆತ್ಮಚರಿತ್ರೆಯನ್ನು ಬರೆದುದು ಉಜ್ಬೇಕಿನ ಪೂರ್ವರೂಪವಾದ ಚಗತಾಯಿಯಲ್ಲಿ. ಕಾಬೂಲಿನಲ್ಲಿ ಹನ್ನೊಂದು ಹನ್ನೆರಡು ಭಾಷೆಗಳು ನಡೆಯುವುವೆಂದು ಹೇಳುವಾಗ ಅವನು ತುರ್ಕಿಯನ್ನೂ ಅಫಘಾನಿಯನ್ನೂ ಬೇರೆ ಬೇರೆಯಾಗಿಯೇ ಎಣಿಸಿರುವನು. ಇನ್ನು ಲಿಪಿಯ ಮಾತು. ಉಜ್ಬೇಕಿಸ್ಥಾನದಲ್ಲಿ ೧೯೨೦ರ ದಶಕದ ಕೊನೆಗೆ ಅರಬ್ಬಿಯು ಹೋಗಿ ರೋಮನ್ ಬಂದಿತು. ೧೯೪೦ರಲ್ಲಿ ರಷ್ಯನ್ ಲಿಪಿ ಬಂದಿತು. ೧೯೯೩ರ ಕಾನೂನಿನಿಂದ ರೋಮನ್ ಲಿಪಿಗೆ ಪುನಃ ಅಧಿಕಾರವಾಯಿತು. ಇಷ್ಟು ಲಿಪಿಗಳಲ್ಲಿ ಬರೆಯಲ್ಪಟ್ಟರೂ 'ಓಕಿದಿಮ್' ಎಂಬುದರ ಧಾತುಪ್ರತ್ಯಯಗಳು ಅವೇ ಆಗಿವೆ.