ಶ್ವಾಸಕೋಶದ ಸೂಜಿ ಪರೀಕ್ಷೆ: ಅಂಜಿಕೆ ಬೇಡ, ಎಚ್ಚರವಿರಲಿ

ಎದೆಯ ಚಿತ್ರದಲ್ಲಿ ಗಂಟೊಂದು ಕಂಡು, ಸಿ.ಟಿ. ಸ್ಕ್ಯಾನಿನ ನೆರವಿನಿಂದ ಸೂಜಿ ಹಾಕಿ ತುಣುಕು ತೆಗೆಯಬೇಕೆಂದು ತಜ್ಞರು ಹೇಳಿದೊಡನೆ, ಕೆಲವರು ಕಷಾಯ ಕೇಳಿಕೊಂಡು ನಮ್ಮಲ್ಲಿಗೆ ಬರುತ್ತಾರೆ. ‘ಸೂಜಿ ಚುಚ್ಚಿದರೆ ಶ್ವಾಸಕೋಶ ಕುಸಿಯುತ್ತದಂತೆ’ ಎಂಬುದು ಅವರ ಅಂಜಿಕೆ. ಅದು ಪೂರ್ಣ ಸುಳ್ಳಲ್ಲ. ಆದರೆ ಅದಕ್ಕಾಗಿ ಪರೀಕ್ಷೆಯನ್ನು ಮುಂದೂಡುವುದು ತರವಲ್ಲ. ಗಂಟು ಕ್ಷಯದ್ದೋ ಕ್ಯಾನ್ಸರಿನದೋ ಎಂದು ತಿಳಿಯದೆ ಕೊಡುವ ಔಷಧ, ನಮ್ಮದೂ ಸೇರಿದಂತೆ, ಕತ್ತಲಲ್ಲಿ ಎಸೆದ ಕಲ್ಲು.

ಶ್ವಾಸಕೋಶವನ್ನು ಎರಡು ಪದರದ ತೆಳುಪೊರೆ ಆವರಿಸಿದೆ. ಸೂಜಿಯ ರಂಧ್ರದಿಂದ ಗಾಳಿ ಸೋರಿ ಆ ಪದರಗಳ ನಡುವೆ ಸೇರಿದರೆ ಶ್ವಾಸಕೋಶ ಕುಗ್ಗುತ್ತದೆ. ಇದೇ ನ್ಯೂಮೋಥೊರಾಕ್ಸ್. ಸುಮಾರು ನಾಲ್ಕೈದು ಮಂದಿಯಲ್ಲಿ ಒಬ್ಬರಿಗೆ ಹೀಗಾಗುವುದುಂಟು. ಬಹುಪಾಲು ಅಲ್ಪಪ್ರಮಾಣದ್ದಾಗಿದ್ದು ತಾನಾಗಿ ಶಮನವಾಗುತ್ತದೆ. ಎದೆಗೆ ಕೊಳವೆ ಹಾಕಬೇಕಾಗುವುದು 100ರಲ್ಲಿ ಸುಮಾರು 5–6 ಮಂದಿಗೆ ಮಾತ್ರ.

ನಾಲ್ವಡಿ ಕೃಷ್ಣರಾಜ ಒಡೆಯರು ಕ್ಷಯಕ್ಕೆ ಬಲಿಯಾದ ಸಹೋದರಿಯ ನೆನಪಿಗೆ ನಮ್ಮ ಮೈಸೂರಿನಲ್ಲಿ ಕ್ಷಯರೋಗ ಆಸ್ಪತ್ರೆ ಕಟ್ಟಿಸಿದ ಕಾಲದಲ್ಲಿ, ಜಗತ್ತಿನ ಹಲವೆಡೆ ಕ್ಷಯದ ಚಿಕಿತ್ಸೆಗೆಂದೇ ಎದೆಗೆ ಗಾಳಿ ತುಂಬಿ ಶ್ವಾಸಕೋಶವನ್ನು ಕುಗ್ಗಿಸುತ್ತಿದ್ದರು. ಕುಗ್ಗಿದ ಶ್ವಾಸಕೋಶ ಮತ್ತೆ ಅರಳಬಲ್ಲದು.

ಅಪಾಯ ಎಲ್ಲರಿಗೂ ಸಮನಲ್ಲ. ಬೀಡಿ–ಸಿಗರೇಟಿನಿಂದ, ಇಲ್ಲವೇ ದಶಕಗಳ ಸೌದೆ ಒಲೆಯ ಹೊಗೆಯಿಂದ ಗಾಳಿಗೂಡುಗಳು ಶಿಥಿಲವಾದವರಲ್ಲಿ ರಂಧ್ರ ಬೇಗ ಮುಚ್ಚದು. ಗಂಟು ಚಿಕ್ಕದಾಗಿದ್ದರೆ, ಆಳದಲ್ಲಿದ್ದರೆ, ಸೂಜಿ ಪೊರೆಯನ್ನು ಹಲವು ಸಲ ದಾಟಬೇಕಾದರೆ, ಶ್ವಾಸಕೋಶದ ಹಾಲೆಗಳ ನಡುವಣ ಸೀಳನ್ನು ಹಾಯ್ದರೆ ಅಪಾಯ ಹೆಚ್ಚು. ಆದುದರಿಂದಲೇ ತಜ್ಞರು ಹೊರಸೂಜಿಯೊಂದನ್ನು ಒಮ್ಮೆ ನೆಟ್ಟು, ಅದರೊಳಗಿನಿಂದಲೇ ಹಲವು ತುಣುಕು ತೆಗೆಯುವುದುಂಟು.

ರೋಗಿಯ ಪಾಲೂ ಇದೆ. ಉಬ್ಬಸ, ಹಳೆಯ ಕೆಮ್ಮು, ರಕ್ತ ತೆಳುವಾಗಿಸುವ ಮಾತ್ರೆ, ಸೇವಿಸುತ್ತಿರುವ ಆಯುರ್ವೇದ ಔಷಧ ಯಾವುದನ್ನೂ ಮುಚ್ಚಿಡಬಾರದು. ಎದೆಯ ಮೇಲಿನ ಬೆಳ್ಳಿಯ ಕರಡಿಗೆ ಸ್ಕ್ಯಾನಿನ ಚಿತ್ರವನ್ನು ಕೆಡಿಸುತ್ತದೆ. ಇಷ್ಟಲಿಂಗವನ್ನು ವಸ್ತ್ರದಲ್ಲಿ ಮಣಿಕಟ್ಟಿಗೆ ಕಟ್ಟಿಕೊಳ್ಳಬಹುದೇ ಎಂದು ಮೊದಲೇ ವಿಚಾರಿಸಬೇಕು. ಸೂಜಿ ಒಳಗಿರುವಾಗ ಹೇಳಿದಂತೆ ಉಸಿರು ಹಿಡಿದು, ಮಾತಾಡದೆ, ಅಲುಗದೆ ಇರಬೇಕು. ಅನಂತರ ಸಾಮಾನ್ಯವಾಗಿ ಚುಚ್ಚಿದ ಭಾಗ ಕೆಳಗಾಗುವಂತೆ ಮಲಗಿಸುತ್ತಾರೆ.

ಮನೆಗೆ ಮರಳಿದ ಬಳಿಕ ತಜ್ಞರು ಒಪ್ಪುವವರೆಗೆ ಪ್ರಾಣಾಯಾಮ, ಭಾರ ಎತ್ತುವುದು, ವಿಮಾನ ಪ್ರಯಾಣ ಸಲ್ಲದು. ಒಮ್ಮೆಗೇ ಎದೆನೋವು ಅಥವಾ ಏದುಸಿರು ಬಂದರೆ, ಅದು ಮರುದಿನವಾದರೂ ಸರಿ, ಮನೆಮದ್ದಿಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಧಾವಿಸಬೇಕು. ಕಷಾಯ ಕೇಳಲು ನಮ್ಮಲ್ಲಿಗೆ ಬಂದವರಿಗೂ ನಾವು ಹೇಳುವುದು ಇಷ್ಟೇ: ಮೊದಲು ಪರೀಕ್ಷೆ, ಆಮೇಲೆ ಔಷಧ.